ಒಂದು ಚಮಚ ಧೂಳು

ಕಮಲಾಪುರದಿಂದ ಕಂಪ್ಲಿ ಕಡೆ ಹೊರಟರೆ ಬುಕ್ಕಸಾಗರದ ಸುತ್ತ ಕಣ್ಣಿಗೆ ಬೀಳುವುದು ಎರಡೇ: ಕೆಳಗೆ ಬತ್ತ, ಬಾಳೆ, ಕಬ್ಬಿನ ಹಸಿರು, ಅದರ ಬೆನ್ನಿಗೆ ಬೋಳು ಬಂಡೆಗಳ ಗುಡ್ಡ. ಈ ಬಂಡೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಬಿಸಿಲು, ಮಳೆ, ಹೊಳೆ ಸೇರಿ ಇವುಗಳಲ್ಲಿ ಬಹಳಷ್ಟನ್ನು ಕರಗಿಸಿ ಮಣ್ಣು ಮಾಡಿವೆ. ಕರಗದೆ ಉಳಿದದ್ದು ಬೆಣಚುಕಲ್ಲಿನ, ಅಂದರೆ ಸಿಲಿಕಾದ ಕಣ. ತುಂಗಭದ್ರೆಯ ದಂಡೆಯ ಮರಳಿನಲ್ಲಿ ಮಿಂಚುವುದು ಅದೇ. ಗ್ರಾನೈಟಿನಲ್ಲಿ ಕಾಲುಭಾಗದಷ್ಟು ಅದೇ. ಸಂಡೂರಿನ ಅದಿರಿನ ಬೆಟ್ಟಗಳಲ್ಲೂ ಕಬ್ಬಿಣದ ಪದರು, ಸಿಲಿಕಾ ಪದರು ಪಟ್ಟೆಪಟ್ಟೆಯಾಗಿ ಕೂಡಿಕೊಂಡಿವೆ. ನಾವು ಕೆಂದೂಳು ಎಂದು ಬೈಯುವುದು ಬಟ್ಟೆಗೆ ಮೆತ್ತುವ ಧೂಳನ್ನು. ಆದರೆ ಪ್ರಾಣಕ್ಕೆ ಎರವಾಗುವ ಧೂಳಿಗೆ ಬಣ್ಣವಿಲ್ಲ, ಅದು ಕಣ್ಣಿಗೇ ಕಾಣುವುದಿಲ್ಲ.

ಎಷ್ಟು ಸಣ್ಣದು ಅದು? ಎರಡು ಮೈಕ್ರಾನ್ ಅಗಲದ ಒಂದು ಕಣವನ್ನು ತೆಗೆದುಕೊಳ್ಳೋಣ. ತಲೆಗೂದಲಿನ ಅಗಲಕ್ಕೆ ಇಂಥವು ಮೂವತ್ತೈದು ಸಾಲಾಗಿ ಕೂರುತ್ತವೆ. ಗಾಳಿ ಅಲುಗದ ಕೋಣೆಯಲ್ಲಿ ಮೂಗಿನ ಎತ್ತರದಿಂದ ಬಿಟ್ಟರೆ ನೆಲ ಮುಟ್ಟಲು ಅದಕ್ಕೆ ಒಂದೂಕಾಲು ಗಂಟೆ ಬೇಕು. ಕಲ್ಲು ಕೊರೆದಾತ ಯಂತ್ರ ನಿಲ್ಲಿಸಿ, ಕೈ ತೊಳೆದು, ಬುತ್ತಿ ಬಿಚ್ಚಿ, ಉಂಡು, ಬೀಡಿ ಹಚ್ಚುವ ಹೊತ್ತಿಗೂ ಆ ಕಣ ಇನ್ನೂ ಗಾಳಿಯಲ್ಲೇ ತೇಲುತ್ತಿರುತ್ತದೆ. ಮೂಗಿಗೆ ಕಟ್ಟಿದ ಟವೆಲ್ಲಿನ ಎಳೆಗಳ ನಡುವಿನ ಕಿಂಡಿ ಅದಕ್ಕೆ ಊರಬಾಗಿಲಿದ್ದಂತೆ.

ಇನ್ನು ಒಳಗಿನ ಲೆಕ್ಕ. ಮೈಮುರಿದು ದುಡಿಯುವವರು ಎಂಟು ಗಂಟೆಯ ಒಂದು ಪಾಳಿಯಲ್ಲಿ ಸುಮಾರು ಹತ್ತು ಸಾವಿರ ಲೀಟರ್ ಗಾಳಿ ಎಳೆದುಕೊಳ್ಳುತ್ತಾರೆ. ಐದು ಸಾವಿರ ಲೀಟರಿನ ನೀರಿನ ಟ್ಯಾಂಕರುಗಳು ಎರಡು ಬೇಕು ಅಷ್ಟಕ್ಕೆ. ಆ ಗಾಳಿ ಹೋಗಿ ಸೇರುವುದು ಶ್ವಾಸಕೋಶದ ಸುಮಾರು 48 ಕೋಟಿ ಗಾಳಿಗೂಡುಗಳಿಗೆ. ಅವನ್ನೆಲ್ಲ ಬಿಡಿಸಿ ಹಾಸಿದರೆ ಎಂಟು ಮೀಟರ್ ಅಗಲ, ಒಂಬತ್ತು ಮೀಟರ್ ಉದ್ದದ ಒಕ್ಕಣೆಯ ಕಣವೊಂದು ತುಂಬೀತು. ಅಷ್ಟು ದೊಡ್ಡ ಕಣದ ನೆಲ ಒಂದು ಮೈಕ್ರಾನ್ ದಪ್ಪವೂ ಇಲ್ಲ. ಬಂದು ಬೀಳುವ ಕಲ್ಲಿನ ಚೂರೇ ಅದಕ್ಕಿಂತ ದಪ್ಪ.

ಅಮೆರಿಕದ ಕಾರ್ಮಿಕ ಇಲಾಖೆ 2016ರಲ್ಲಿ ಸಿಲಿಕಾ ಧೂಳಿಗೆ ಒಂದು ಮಿತಿ ಹಾಕಿತು: ಒಂದು ಘನ ಮೀಟರ್ ಗಾಳಿಯಲ್ಲಿ 0.05 ಮಿಲಿಗ್ರಾಂ. ಈ ಮಿತಿಯೊಳಗೂ ಅಪಾಯ ಪೂರ್ತಿ ತಪ್ಪುವುದಿಲ್ಲವೆಂದು ಆ ಇಲಾಖೆಯೇ ಒಪ್ಪಿಕೊಂಡಿದೆ. ಆ ಲೆಕ್ಕದಲ್ಲಿ ಒಂದು ಪಾಳಿಗೆ ಒಳಹೋಗಬಹುದಾದದ್ದು ಅರ್ಧ ಮಿಲಿಗ್ರಾಂ, ಹೆಚ್ಚೂಕಡಿಮೆ ಸಕ್ಕರೆಯ ಒಂದು ಹರಳಿನ ತೂಕ. ವರ್ಷಕ್ಕೆ 250 ದಿನದಂತೆ ನಲವತ್ತು ವರ್ಷ ದುಡಿದರೆ ಹತ್ತು ಸಾವಿರ ಪಾಳಿ. ಎಲ್ಲ ಕೂಡಿಸಿದರೆ ಐದು ಗ್ರಾಂ. ಒಂದು ಜೀವಮಾನದ ದುಡಿಮೆಗೆ ಒಂದು ಚಮಚ ಉಪ್ಪಿನಷ್ಟು!

ನಾನು ಈ ಲೆಕ್ಕವನ್ನು ಮೂರು ಸಲ ಮಾಡಿ ನೋಡಿದೆ. ಪ್ರತಿ ಸಲವೂ ಅದೇ ಚಮಚ ಬಂತು.

ಅರ್ಧ ಮಿಲಿಗ್ರಾಂ ಎಂದರೆ ಎರಡು ಮೈಕ್ರಾನಿನ ಕಣ ನಾಲ್ಕೂವರೆ ಕೋಟಿ. ಹನ್ನೊಂದು ಪಾಳಿ ಕಳೆಯುವಷ್ಟರಲ್ಲಿ ಗಾಳಿಗೂಡಿಗೊಂದರಂತೆ ಹಂಚಬಹುದು. ಒಳಹೋದದ್ದೆಲ್ಲ ಅಲ್ಲೇ ನಿಲ್ಲುವುದಿಲ್ಲ, ಪುಣ್ಯ. ಎಷ್ಟೋ ಕಣ ಉಸಿರಿನೊಂದಿಗೇ ಹೊರಬರುತ್ತವೆ, ಎಷ್ಟೋ ಕಫದಲ್ಲಿ ಹೋಗುತ್ತವೆ. ತಳ ಸೇರಿದವನ್ನು ನುಂಗಲು ಕಾವಲು ಕೋಶಗಳಿವೆ. ಅನಾಹುತ ಆಗುವುದು ಇಲ್ಲಿಯೇ. 250 ಕೋಟಿ ವರ್ಷ ಕರಗದ್ದನ್ನು ಒಂದು ಕೋಶ ಅರಗಿಸಲು ಹೊರಡುತ್ತದೆ. ಆಗದೆ ಸಾಯುತ್ತದೆ. ಕಣ ಮತ್ತೆ ಹೊರಬೀಳುತ್ತದೆ, ಇನ್ನೊಂದು ಕೋಶ ನುಂಗುತ್ತದೆ, ಅದೂ ಸಾಯುತ್ತದೆ. ಪ್ರತಿ ಸಾವಿಗೂ ಸುತ್ತ ಊತ, ಊತದ ಮೇಲೆ ಕಲೆ. ಧೂಳಿನ ಕೆಲಸ ಬಿಟ್ಟ ಮೇಲೂ ಕಲೆ ಬೆಳೆಯುತ್ತಲೇ ಇರಬಹುದು. ಇದು ಸಿಲಿಕೋಸಿಸ್. ಸಾಮಾನ್ಯವಾಗಿ ಹತ್ತಾರು ವರ್ಷದ ಮೇಲೆ ಕಾಣಿಸಿಕೊಳ್ಳುತ್ತದೆ, ಧೂಳು ವಿಪರೀತವಾದರೆ ಕೆಲವೇ ವರ್ಷಗಳಲ್ಲಿ. ಗುಣಪಡಿಸುವ ಔಷಧವಿಲ್ಲ. ಕ್ಷಯ ಅಂಟುವ ಸಾಧ್ಯತೆ ಹಲವು ಪಟ್ಟು ಏರುತ್ತದೆ. ದಮ್ಮು ಎಂದುಕೊಂಡು, ಟಿ.ಬಿ. ಎಂದುಕೊಂಡು ವರ್ಷಗಳೇ ಕಳೆದುಹೋಗುತ್ತವೆ.

ಭಾರತದಲ್ಲಿ ಈ ರೋಗದ ಗಾತ್ರ ಮೊದಲು ಬೆಳಕಿಗೆ ಬಂದದ್ದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ. 1940ರ ದಶಕದಲ್ಲಿ ಅಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 43ಕ್ಕೂ ಹೆಚ್ಚು ಜನರಲ್ಲಿ ಸಿಲಿಕೋಸಿಸ್ ಇತ್ತು. ನೆಲದಿಂದ ಮೂರು ಕಿಲೋಮೀಟರಿಗೂ ಆಳಕ್ಕೆ ಹೋದ ಆ ಗಣಿಯ ಬಂಗಾರದ ಲೆಕ್ಕ ಮಕ್ಕಳ ಬಾಯಲ್ಲೂ ಇದೆ. ಈ ರೋಗದ ಲೆಕ್ಕವನ್ನು ಶಾಲೆಯಲ್ಲಿ ನಮಗೆ ಯಾರೂ ಹೇಳಿಕೊಡಲಿಲ್ಲ.

ಕೆಲಸದ ಜಾಗದಲ್ಲಿ ಸಾವು ಎಂದರೆ ನಮಗೆ ಹೊಳೆಯುವುದು ಅಪಘಾತ: ಉರುಳಿದ ಬಂಡೆ, ಮಗುಚಿದ ಟಿಪ್ಪರ್. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಕೂಡಿ ಕೊಟ್ಟ ಅಂದಾಜು ಇದನ್ನು ತಲೆಕೆಳಗು ಮಾಡುತ್ತದೆ. 2016ರಲ್ಲಿ ದುಡಿಮೆಯ ಕಾರಣಕ್ಕೆ ಸತ್ತವರು ಸುಮಾರು 19 ಲಕ್ಷ. ಅದರಲ್ಲಿ ಗಾಯಗಳಿಂದ ಸತ್ತವರು ನೂರಕ್ಕೆ 19, ಕಾಯಿಲೆಯಿಂದ ಸತ್ತವರು 81. ಧೂಳು, ಹೊಗೆ, ಅನಿಲಗಳಿಂದ ಶ್ವಾಸಕೋಶ ಕೆಟ್ಟು ಹೋದವರೇ ನಾಲ್ಕೂವರೆ ಲಕ್ಷ. ಬಂಡೆ ಉರುಳಿದರೆ ಪೊಲೀಸರು ಬಂದು ಪಂಚನಾಮೆ ಮಾಡುತ್ತಾರೆ, ಪತ್ರಿಕೆಯಲ್ಲಿ ಬರುತ್ತದೆ. ಊರಿಗೆ ಮರಳಿ ಕಟ್ಟೆಯ ಮೇಲೆ ಕೂತು ಏದುಸಿರು ಬಿಡುತ್ತ ಹೋದವರು ಸುದ್ದಿಯಾಗುವುದಿಲ್ಲ.

ಗಣಿ ಕಾರ್ಮಿಕರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಆಗಬೇಕೆಂದು 1955ರ ಗಣಿ ನಿಯಮಗಳು ಹೇಳಿದವು. ಎರಡು ತಪಾಸಣೆಗಳ ನಡುವೆ 1,250 ಪಾಳಿ. ಮನೆಯಿಂದ ಮನೆಗೆ ಹೋಗಿ ಒಣ ಬ್ಲೇಡಿನಲ್ಲಿ ಗ್ರಾನೈಟ್ ಕತ್ತರಿಸುವ ಹುಡುಗನಿಗೆ ಆ ನಿಯಮವೂ ಇಲ್ಲ.

ತಡೆಯುವುದು ಹೇಗೆ? ಗಾಳಿ ಹೀರುವ ಯಂತ್ರ, ಮುಚ್ಚಿದ ಕ್ಯಾಬಿನ್, ಎನ್-95 ಮಾಸ್ಕ್ ಎಲ್ಲಕ್ಕೂ ಜಾಗವಿದೆ. ಆದರೆ ನನ್ನನ್ನು ಬೆರಗುಗೊಳಿಸಿದ್ದು ನೀರು. ಕಾಂಕ್ರೀಟ್ ಒಡೆಯುವ ಯಂತ್ರದ ತುದಿಗೆ ನಿಮಿಷಕ್ಕೆ 350 ಮಿಲಿಲೀಟರ್, ಅಂದರೆ ಒಂದು ಸಣ್ಣ ಚೊಂಬಿನಷ್ಟು ನೀರು ಸಿಂಪಡಿಸಿದರೆ ಧೂಳು ನೂರಕ್ಕೆ 70ರಿಂದ 90ರಷ್ಟು ಇಳಿಯುತ್ತದೆ ಎಂದು ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ಅಳೆದು ತೋರಿಸಿದೆ. ಒಂದಿಡೀ ಪಾಳಿಗೆ 168 ಲೀಟರ್. ಹತ್ತು ಹನ್ನೆರಡು ಕೊಡ.

ದೇಶದಲ್ಲಿ ಸಿಲಿಕಾ ಧೂಳಿನ ಹೆಚ್ಚಿನ ಅಪಾಯದಲ್ಲಿರುವವರು ಸುಮಾರು 30 ಲಕ್ಷ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಹಳೆಯ ಅಂದಾಜು ಹೇಳುತ್ತದೆ. ಅಷ್ಟೂ ಮಂದಿಯ ಕೈಗೆ ಅಂಥ ಯಂತ್ರವನ್ನೇ ಕೊಟ್ಟು, ವರ್ಷದ 250 ದಿನ, ಎಂಟೂ ಗಂಟೆ ಆ ನೀರು ಬಿಟ್ಟರೆಂದೇ ಇಟ್ಟುಕೊಳ್ಳಿ. ಬೇಕಾಗುವುದು ಸುಮಾರು ನಾಲ್ಕೂವರೆ ಟಿಎಂಸಿ. ಬುಕ್ಕಸಾಗರದ ಹೊಳೆಗೆ ಮೇಲಿನಿಂದ ನೀರು ಬಿಡುವ ತುಂಗಭದ್ರಾ ಅಣೆಕಟ್ಟು ತುಂಬಿದಾಗ ಹಿಡಿಯುವುದು ಸುಮಾರು 105 ಟಿಎಂಸಿ.