ಗಡಿಗಳು ಮುಚ್ಚಿದಾಗ ವಿಮಾನದ ದಾರಿ

ಸಾಮಾನ್ಯ ದಿನಗಳಲ್ಲಿ ದೂರದ ಊರಿಗೆ ಹೊರಟವನು ಎರಡು ಲೆಕ್ಕ ಹಾಕುತ್ತಾನೆ: ಎಷ್ಟು ಹೊತ್ತು ಹಿಡಿಯುತ್ತದೆ, ಎಷ್ಟು ದುಡ್ಡು ಹಿಡಿಯುತ್ತದೆ. 2020ರಿಂದ 2022ರವರೆಗಿನ ಕೊರೊನಾ ಕಾಲದಲ್ಲಿ ಇವೆರಡನ್ನೂ ಹಿಂದೆ ಸರಿಸಿ ಮೂರನೆಯ ಲೆಕ್ಕವೊಂದು ಮುಂದೆ ಬಂದು ನಿಂತಿತು. ದಾರಿಯಲ್ಲಿ ಎಷ್ಟು ಬಾಗಿಲುಗಳಿವೆ? ಅವನ್ನು ಕಾಯುವವರು ಯಾರು? ಅವರು ಏನು ಕೇಳುತ್ತಾರೆ? ವಿಮಾನಕ್ಕೆ ಆಕಾಶದಲ್ಲಿ ಬಾಗಿಲುಗಳಿಲ್ಲ. ಬಾಗಿಲುಗಳೆಲ್ಲ ನೆಲದ ಮೇಲೆಯೇ. ಇದನ್ನು ಮರೆತು ಬರೀ ಟಿಕೆಟಿನ ಬೆಲೆ ನೋಡಿ ಹೊರಟವರಿಗೆ ಮನೆ ಸೇರುವುದು ಕಷ್ಟವಾಯಿತು. ಅಂದಿನ ನಿರ್ಬಂಧಗಳು ಈಗ ಇಲ್ಲ. ಆದರೂ ಆ ಲೆಕ್ಕವನ್ನು ಒಮ್ಮೆ ಸಾವಧಾನವಾಗಿ ಹಾಕಿ ನೋಡುವುದು ಒಳ್ಳೆಯದು.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳಲ್ಲಿ ವಿಮಾನ ನಿಲ್ದಾಣವಿಲ್ಲ. ಇಲ್ಲಿಯವರಿಗೆ ಒದಗತಕ್ಕ ನಿಲ್ದಾಣಗಳು ಮುಖ್ಯವಾಗಿ ಮೂರು. ಮೊದಲನೆಯದು ಮೈಸೂರಿನ ಮಂಡಕಳ್ಳಿ. 2010ರ ಮೇ ತಿಂಗಳಲ್ಲಿ ಉದ್ಘಾಟನೆಯಾದ ಈ ನಿಲ್ದಾಣದ ಓಡುದಾರಿಯ ಉದ್ದ ಸುಮಾರು 1,740 ಮೀಟರು. ಎಪ್ಪತ್ತು ಜನ ಕೂರುವ ಪ್ರೊಪೆಲ್ಲರ್ ವಿಮಾನಗಳಿಗೆ ಅದು ಸಾಕು. ದೊಡ್ಡ ಜೆಟ್ ವಿಮಾನಗಳಿಗೆ ಸಾಲದು. 2017ರಲ್ಲಿ ಚೆನ್ನೈಗೂ, 2019ರಲ್ಲಿ ಬೆಂಗಳೂರು, ಹೈದರಾಬಾದು, ಕೊಚ್ಚಿ, ಗೋವೆಗಳಿಗೂ ಉಡಾನ್ ಯೋಜನೆಯ ಕಾಲದಲ್ಲಿ ಇಲ್ಲಿಂದ ವಿಮಾನಗಳು ಹೊರಟವು. ದೆಹಲಿಗೆ ಹೋಗುವವನು ಎಲ್ಲಾದರೂ ಒಂದು ಕಡೆ ಇಳಿದು ಹತ್ತಲೇಬೇಕಾಗಿತ್ತು. ಎರಡನೆಯದು ದೇವನಹಳ್ಳಿಯ ಬಳಿಯ ಬೆಂಗಳೂರು ನಿಲ್ದಾಣ. ದೂರವೇನೋ ಹೌದು, ಆದರೆ ಅಲ್ಲಿಂದ ದೇಶದ ಎಲ್ಲ ದೊಡ್ಡ ಊರುಗಳಿಗೂ ನೇರ ವಿಮಾನವುಂಟು. ಮೂರನೆಯದು ಕೇರಳದ ಮಟ್ಟನ್ನೂರಿನಲ್ಲಿ 2018ರ ಡಿಸೆಂಬರ್ 9ರಂದು ತೆರೆದ ಕಣ್ಣೂರು ನಿಲ್ದಾಣ. ಪಿರಿಯಾಪಟ್ಟಣದವರು ನಕಾಶೆಯನ್ನು ಹರಡಿಕೊಂಡು ಕುಳಿತರೆ ದೇವನಹಳ್ಳಿಗಿಂತ ಇದೇ ಹತ್ತಿರವೆನಿಸುತ್ತದೆ. ಗೋಣಿಕೊಪ್ಪ, ವಿರಾಜಪೇಟೆ, ಮಾಕುಟ್ಟ ದಾಟಿ ಘಟ್ಟ ಇಳಿದರಾಯಿತು.

ಆದರೆ ನಕಾಶೆಯು ದೂರವನ್ನು ತೋರಿಸುತ್ತದೆಯೇ ಹೊರತು ತಡೆಯನ್ನು ತೋರಿಸುವುದಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ಮಾಕುಟ್ಟದ ರಸ್ತೆಗೆ ಅಡ್ಡಲಾಗಿ ಮಣ್ಣು ಸುರಿದು ಸಂಚಾರವನ್ನು ನಿಲ್ಲಿಸಲಾಯಿತು. ಹೆಗ್ಗಡದೇವನಕೋಟೆಯಿಂದ ಮಾನಂದವಾಡಿಗೆ ಹೋಗುವ ಬಾವಲಿ ದಾರಿಯಲ್ಲಿ ಇನ್ನೊಂದು ತೊಡಕಿದೆ, ಅದು ರೋಗಕ್ಕೆ ಸಂಬಂಧಿಸಿದ್ದಲ್ಲ. ನಾಗರಹೊಳೆಯ ಕಾಡಿನೊಳಗೆ ಹಾಯುವ ಆ ರಸ್ತೆಯಲ್ಲಿ ಕಾಡುಪ್ರಾಣಿಗಳ ಹಿತಕ್ಕಾಗಿ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ವಾಹನಗಳನ್ನು ಬಿಡುವುದಿಲ್ಲ. ಹತ್ತಿರದ ನಿಲ್ದಾಣ ಯಾವುದೆಂದು ಕೇಳುವ ಮೊದಲು, ಆ ಹೊತ್ತಿಗೆ ತೆರೆದಿರುವ ದಾರಿ ಯಾವುದೆಂದು ಕೇಳಬೇಕಾಗಿತ್ತು.

ದೇಶದೊಳಗಿನ ವಿಮಾನಗಳು 2020ರ ಮಾರ್ಚ್ 25ರಿಂದ ಎರಡು ತಿಂಗಳು ನಿಂತು, ಮೇ 25ರಂದು ಮತ್ತೆ ಹಾರಿದವು. ಮೊದಲಿಗೆ ಬಿಟ್ಟದ್ದು ಹಿಂದಿನ ಸಂಖ್ಯೆಯ ಮೂರನೆಯ ಒಂದು ಭಾಗ ಮಾತ್ರ. ದರವನ್ನು ಕೇಂದ್ರ ಸರ್ಕಾರವೇ ಗೊತ್ತುಮಾಡಿತು: ನಲವತ್ತು ನಿಮಿಷಕ್ಕಿಂತ ಕಡಿಮೆ ಹಾರುವ ದಾರಿಗೆ 2,000ದಿಂದ 6,000 ರೂಪಾಯಿ, ಅತಿ ಉದ್ದದ ದಾರಿಗೆ 6,500ರಿಂದ 18,600 ರೂಪಾಯಿ. ಹಾರುವ ವಿಷಯದಲ್ಲಿ ದೇಶಕ್ಕೆಲ್ಲ ಒಂದೇ ಕಟ್ಟಳೆ. ಇಳಿದ ಮೇಲಿನ ಮಾತು ಬೇರೆ. ಬಂದವನನ್ನು ಮನೆಗೆ ಬಿಡಬೇಕೋ ಬೇಡವೋ ಎಂಬುದನ್ನು ಆಯಾ ರಾಜ್ಯ ನಿರ್ಧರಿಸುತ್ತಿತ್ತು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನೀವು ಹುಣಸೂರಿನವರು, ನಿಮ್ಮ ಮಗ ಮುಂಬಯಿಯಲ್ಲಿ ಕೆಲಸದಲ್ಲಿದ್ದಾನೆ, ಮನೆಯಲ್ಲಿ ಅಜ್ಜಿಗೆ ಕಾಯಿಲೆ ಎನ್ನಿ. ವಿಮಾನ ಶುರುವಾದ ಆ ಮೇ ತಿಂಗಳಲ್ಲಿ ಮಹಾರಾಷ್ಟ್ರ, ಗುಜರಾತು, ದೆಹಲಿ, ತಮಿಳುನಾಡು, ರಾಜಸ್ಥಾನ, ಮಧ್ಯಪ್ರದೇಶಗಳಿಂದ ಬಂದವರು ಕರ್ನಾಟಕದಲ್ಲಿ ಏಳು ದಿನ ಸರ್ಕಾರ ಗೊತ್ತುಮಾಡಿದ ಕಡೆ ಕ್ವಾರಂಟೈನಿನಲ್ಲಿದ್ದು, ಬಳಿಕ ಏಳು ದಿನ ಮನೆಯಲ್ಲೇ ಬೇರೆಯಾಗಿರಬೇಕಿತ್ತು. ಗರ್ಭಿಣಿಯರು, ಹತ್ತು ವರ್ಷದೊಳಗಿನ ಮಕ್ಕಳು, ಎಂಬತ್ತು ದಾಟಿದ ವೃದ್ಧರು ಮೊದಲಾದವರಿಗೆ ವಿನಾಯಿತಿಯಿತ್ತು. ನಿಮ್ಮ ಮಗ ಇವರಾರಲ್ಲೂ ಸೇರಿದವನಲ್ಲ. ಅವನು ಒಂದೂವರೆ ಗಂಟೆಯೋ ಎರಡು ಗಂಟೆಯೋ ಹಾರಿ ಬೆಂಗಳೂರಿಗೆ ಬಂದರೂ ಅಜ್ಜಿಯ ಮುಖ ನೋಡುವುದಕ್ಕೆ ವಾರ ಕಾಯಬೇಕು. ಅಂದಮೇಲೆ ಅವನ ದಾರಿಯ ಉದ್ದ ಎರಡು ಗಂಟೆಯಲ್ಲ, ಎಂಟು ದಿನ. ಟಿಕೆಟನ್ನು ಅಷ್ಟು ಮುಂಚೆಯೇ ಕೊಳ್ಳಬೇಕಿತ್ತು.

ಇಲ್ಲೊಂದು ಉಪಾಯ ಕೆಲವರಿಗೆ ಹೊಳೆಯುತ್ತಿತ್ತು: ಮುಂಬಯಿಯಿಂದ ಹೈದರಾಬಾದಿಗೆ ಹೋಗಿ, ಅಲ್ಲಿಂದ ಮಂಡಕಳ್ಳಿಯ ವಿಮಾನ ಹತ್ತಿದರೆ ತೆಲಂಗಾಣದಿಂದ ಬಂದಂತಾಗುವುದಿಲ್ಲವೇ? ಆಗುವುದಿಲ್ಲ. ಸೇವಾಸಿಂಧುವಿನಲ್ಲಿ ಹೆಸರು ಬರೆಸುವಾಗ ಕೇಳುತ್ತಿದ್ದದ್ದು ಎಲ್ಲಿಂದ ಬರುತ್ತಿದ್ದೀರಿ ಎಂದೇ. ನಡುವೆ ಎಲ್ಲಿ ವಿಮಾನ ಬದಲಾಯಿಸಿದಿರಿ ಎಂಬುದು ಗೌಣ. ಸುಂಕ ತಪ್ಪಿಸಲು ರಾತ್ರಿಯೆಲ್ಲ ಅಡ್ಡದಾರಿಯಲ್ಲಿ ಅಲೆದ ವ್ಯಾಪಾರಿ ಬೆಳಗಾಗುವಾಗ ಸುಂಕದಕಟ್ಟೆಯ ಮುಂದೆಯೇ ಬಂದು ನಿಂತನಂತೆ. ಹಿರಿಯರು ಇದನ್ನು ‘ಘಟ್ಟಕುಟೀಪ್ರಭಾತ ನ್ಯಾಯ’ ಎನ್ನುತ್ತಿದ್ದರು. ಒಂದು ವೇಳೆ ಮಗ ಹೇಗೋ ಕಣ್ಣುತಪ್ಪಿಸಿ ಬಂದನೆನ್ನಿ. ಆ ವಾರದ ಕಾಯುವಿಕೆ ಇದ್ದದ್ದು ಯಾರಿಗಾಗಿ? ಅದೇ ಅಜ್ಜಿಗಾಗಿ. ಹುಣಸೂರು, ಕೋಟೆ ತಾಲ್ಲೂಕುಗಳ ಕಾಡಂಚಿನಲ್ಲಿ ಜೇನುಕುರುಬರ, ಬೆಟ್ಟಕುರುಬರ ಹಾಡಿಗಳಿವೆ. ಅಲ್ಲಿಂದ ದೊಡ್ಡ ಆಸ್ಪತ್ರೆ ದೂರ. ಪಿರಿಯಾಪಟ್ಟಣದ ಬೈಲಕುಪ್ಪೆಯಲ್ಲಿ ಟಿಬೆಟನ್ನರ ಮಠಗಳಿವೆ. ಅಲ್ಲಿ ಭಿಕ್ಷುಗಳು ನೂರಾರು ಮಂದಿ ಒಂದೆಡೆ ಕೂಡಿ ಬಾಳುತ್ತಾರೆ. ಇಂಥ ಕಡೆಗೆ ಒಬ್ಬ ಪ್ರಯಾಣಿಕ ಬಚ್ಚಿಟ್ಟು ತಂದ ರೋಗ ಒಬ್ಬನಲ್ಲೇ ನಿಲ್ಲುತ್ತಿರಲಿಲ್ಲ.

ಹಾಗೆಂದು ನಡುವಿನ ನಿಲ್ದಾಣಕ್ಕೆ ಮಹತ್ವವಿಲ್ಲವೆಂದು ತಿಳಿಯಬಾರದು. 2020ರ ಜುಲೈ 6ರಿಂದ ದೆಹಲಿ, ಮುಂಬಯಿ, ಪುಣೆ, ನಾಗಪುರ, ಚೆನ್ನೈ, ಅಹಮದಾಬಾದು, ಈ ಆರು ಊರುಗಳಿಂದ ಕಲ್ಕತ್ತೆಗೆ ಬರುವ ವಿಮಾನಗಳನ್ನು ನಿಲ್ಲಿಸಲಾಯಿತು. ಬೆಂಗಳೂರು ಆ ಪಟ್ಟಿಯಲ್ಲಿರಲಿಲ್ಲ. ಕೃಷ್ಣರಾಜನಗರದಿಂದ ಕಲ್ಕತ್ತೆಗೆ ಹೊರಟವನಿಗೆ ಚೆನ್ನೈ ದಾರಿ ಮುಚ್ಚಿತ್ತು, ಬೆಂಗಳೂರಿನ ದಾರಿ ತೆರೆದಿತ್ತು. ಮುಂದೆ ಪಶ್ಚಿಮ ಬಂಗಾಳದಲ್ಲಿ ಪೂರ್ಣ ಲಾಕ್‌ಡೌನ್ ಎಂದು ಸಾರಿದ ದಿನಗಳಲ್ಲಿ ಕಲ್ಕತ್ತೆಯ ನಿಲ್ದಾಣದಲ್ಲಿ ವಿಮಾನಗಳೇ ಇಳಿಯಲಿಲ್ಲ. ಊರಿನ ಜೊತೆಗೆ ವಾರವನ್ನೂ ನೋಡಿಕೊಳ್ಳಬೇಕಾಯಿತು.

ವಿಮಾನ ಬದಲಾಯಿಸುವವರು ತಿಳಿಯತಕ್ಕ ಇನ್ನೊಂದು ಮಾತುಂಟು. ಇಡೀ ಪ್ರಯಾಣಕ್ಕೆ ಒಂದೇ ಟಿಕೆಟು ಮಾಡಿಸಿದರೆ ಸಾಮಾನ್ಯವಾಗಿ ಸಾಮಾನು ತಾನಾಗಿ ಮುಂದಿನ ವಿಮಾನಕ್ಕೆ ಹೋಗುತ್ತದೆ. ನೀವು ನಿಲ್ದಾಣದ ಒಳಗೇ ಇರುತ್ತೀರಿ. ಅಗ್ಗವೆಂದು ಎರಡು ಬೇರೆ ಟಿಕೆಟು ಕೊಂಡರೆ ಸಾಮಾನು ಬಿಡಿಸಿಕೊಂಡು ಹೊರಗೆ ಬಂದು ಮತ್ತೆ ಒಳಗೆ ಹೋಗಬೇಕಾಗಬಹುದು. ನಿರ್ಬಂಧದ ಕಾಲದಲ್ಲಿ ಹಾಗೆ ಹೊರಗೆ ಬಂದವನು ಆ ರಾಜ್ಯಕ್ಕೆ ಬಂದವನೇ ಆಗುತ್ತಿದ್ದ. ಅಲ್ಲಿನ ನೋಂದಣಿ, ಅಲ್ಲಿನ ತಪಾಸಣೆ ಅವನ ತಲೆಗೆ ಬರುತ್ತಿತ್ತು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಪರವೂರಿನಲ್ಲಿ ರಾತ್ರಿ ಕಳೆಯುವ ಪಾಡು ಬೇರೆ.

ಇನ್ನು 72 ಗಂಟೆಗಳ ಲೆಕ್ಕ. 2021ರ ಫೆಬ್ರವರಿಯಿಂದ ಕೇರಳದಿಂದ ಬರುವವರು 72 ಗಂಟೆಗಳೊಳಗಿನ ಆರ್‌ಟಿ-ಪಿಸಿಆರ್ ವರದಿಯನ್ನು ತೋರಿಸಬೇಕಾಯಿತು. ಮೂರು ದಿನವಿದೆಯಲ್ಲ, ಸಾಕಷ್ಟಾಯಿತು ಎನಿಸುತ್ತದೆ. ಲೆಕ್ಕ ಹಾಕಿ ನೋಡಿ. ಕೋಟೆಯವರೊಬ್ಬರು ತಿರುವನಂತಪುರದಲ್ಲಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮೂಗಿನ ದ್ರವದ ಮಾದರಿ ಕೊಟ್ಟರು. ಗಂಟೆಯನ್ನು ಮಾದರಿ ಕೊಟ್ಟ ಹೊತ್ತಿನಿಂದ ಎಣಿಸುವುದೇ ಕ್ಷೇಮ; ಹಾಗಾದರೆ ಗುರುವಾರ ಬೆಳಿಗ್ಗೆ ಹತ್ತಕ್ಕೆ ಅವಧಿ ಮುಗಿಯಿತು. ವರದಿ ಕೈಸೇರಿದ್ದು ಮಂಗಳವಾರ ಸಂಜೆ. ಬುಧವಾರ ಮಧ್ಯಾಹ್ನದ ವಿಮಾನದಲ್ಲಿ ಕಣ್ಣೂರಿಗೆ ಬಂದು ಟ್ಯಾಕ್ಸಿ ಹತ್ತಿ ಬಾವಲಿಗೆ ಬರುವಷ್ಟರಲ್ಲಿ ಸಂಜೆ ಏಳು. ಕಾಡಿನ ಗೇಟು ಮುಚ್ಚಿ ಒಂದು ಗಂಟೆಯಾಗಿದೆ. ಮರುದಿನ ಬೆಳಿಗ್ಗೆ ಆರಕ್ಕೆ ಗೇಟು ತೆರೆದಾಗ ಅವರ ಕೈಯಲ್ಲಿ ಉಳಿದದ್ದು ನಾಲ್ಕೇ ಗಂಟೆ. ಅಷ್ಟರಲ್ಲಿ ವಾಹನಗಳ ಸಾಲು ಉದ್ದವಾಗಿದ್ದರೆ? ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ. ಇದೇ ಪ್ರಯಾಣಿಕರು ತಿರುವನಂತಪುರದಿಂದ ನೇರವಾಗಿ ಬೆಂಗಳೂರಿಗೆ ಬಂದಿದ್ದರೆ ದೂರ ಹೆಚ್ಚು, ದುಡ್ಡೂ ಹೆಚ್ಚು. ಆದರೆ ವರದಿ ತೋರಿಸುವ ಬಾಗಿಲು ಒಂದೇ, ಅದೂ ವಿಮಾನ ನಿಲ್ದಾಣದಲ್ಲಿ.

ದಿನವೂ ಗಡಿ ದಾಟಬೇಕಾದ ವಿದ್ಯಾರ್ಥಿಗಳಿಗೂ ವ್ಯಾಪಾರಸ್ಥರಿಗೂ ಹದಿನೈದು ದಿನಕ್ಕೊಮ್ಮೆ ಪರೀಕ್ಷೆ ಸಾಕೆಂಬ ಅನುಕೂಲ 2021ರ ಜುಲೈ ಕೊನೆಯ ಸುತ್ತೋಲೆಯಲ್ಲಿತ್ತು. ಶುಂಠಿ ಬೆಳೆಯಲು ನಮ್ಮ ಕಡೆ ಜಮೀನು ಗುತ್ತಿಗೆ ಹಿಡಿದ ವಯನಾಡಿನ ರೈತರನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಅಂದರೆ ಸುತ್ತೋಲೆಯನ್ನು ತಲೆಬರಹದಲ್ಲಿಯೇ ಬಿಡದೆ ಕೊನೆಯ ಸಾಲಿನವರೆಗೆ ಓದಬೇಕು. ವಿನಾಯಿತಿಗಳು ಸಾಮಾನ್ಯವಾಗಿ ಅಲ್ಲಿಯೇ ಇರುತ್ತವೆ.

ಮನೆಯಿಂದ ನಿಲ್ದಾಣಕ್ಕೆ ಹೋಗುವ ದಾರಿಯೂ ಪ್ರಯಾಣದ ಭಾಗವೇ. 2021ರ ಬೇಸಿಗೆಯ ಲಾಕ್‌ಡೌನಿನಲ್ಲಿ ವಿಮಾನದ ಟಿಕೆಟೇ ರಹದಾರಿ. ಅದನ್ನು ತೋರಿಸಿ ಟ್ಯಾಕ್ಸಿಯಲ್ಲಿ ಹೋಗಬಹುದಿತ್ತು. ಆ ಜೂನ್ 21ರಿಂದ ಅನೇಕ ಜಿಲ್ಲೆಗಳು ಸಡಿಲವಾದರೂ, ಸೋಂಕು ಇಳಿಯದ ಕಾರಣ ಮೈಸೂರು ಜಿಲ್ಲೆಯಲ್ಲಿ ಬಿಗಿ ಮುಂದುವರಿಯಿತು. ಬೆಂಗಳೂರಿನ ಬಂಧುಗಳು ಎಲ್ಲ ತೆರೆದಿದೆ ಎಂದರೆಂದು ನಂಬಿ ಹೊರಡುವಂತಿರಲಿಲ್ಲ. ಕೇಳಬೇಕಾದದ್ದು ನಮ್ಮ ಜಿಲ್ಲಾಧಿಕಾರಿಗಳ ಆಜ್ಞೆ ಏನೆಂದು.

ಕೇರಳದವರ ವರದಿಯ ಕಡ್ಡಾಯ 2022ರ ಫೆಬ್ರವರಿಯಲ್ಲಿ ಹೋಯಿತು. ವಿಮಾನ ದರದ ಕಟ್ಟು ಅದೇ ವರ್ಷ ಆಗಸ್ಟ್ 31ಕ್ಕೆ ಮುಗಿಯಿತು. ಆದರೆ 2023ರ ಸೆಪ್ಟೆಂಬರಿನಲ್ಲಿ ಕೋಳಿಕೋಡಿನಲ್ಲಿ ನಿಫಾ ಕಾಣಿಸಿಕೊಂಡಾಗ ಗಡಿ ಜಿಲ್ಲೆಗಳಲ್ಲಿ ಮತ್ತೆ ತಪಾಸಣೆ ನಡೆಯಿತು. ಮುಂದೆ ಅಂಥ ದಿನ ಬಂದರೆ ದಾರಿಯನ್ನು ಮನೆಯ ಬಾಗಿಲಿನಿಂದ ಹಿಂದಕ್ಕೆ ಎಣಿಸಿಕೊಂಡು ಹೋಗಿ: ಮನೆ ಸೇರಬೇಕಾದ ದಿನ, ಅದಕ್ಕೆ ಮುಂಚಿನ ಗಡಿ, ಅಲ್ಲಿ ಕೇಳುವ ಕಾಗದ, ಆ ಕಾಗದದ ಅವಧಿ, ಆಮೇಲೆ ವಿಮಾನ. ಟಿಕೆಟಿನ ಬೆಲೆಯನ್ನು ಎಲ್ಲಕ್ಕೂ ಕೊನೆಯಲ್ಲಿ ನೋಡಿ. ಬಾಗಿಲುಗಳು ಕಡಿಮೆ ಇರುವ ದಾರಿ ಸುತ್ತಾದರೂ ಅದನ್ನೇ ಹಿಡಿಯಿರಿ. ಪ್ರತಿ ಬಾಗಿಲಿನಲ್ಲೂ ಎಲ್ಲಿಂದ ಬಂದಿರೆಂದು ಕೇಳಿದಾಗ ಇದ್ದದ್ದನ್ನು ಇದ್ದಂತೆ ಹೇಳಿ. ಮನೆಯಲ್ಲಿ ಕಾಯುತ್ತಿರುವವರ ಆರೋಗ್ಯ ಆ ಮಾತಿನ ಮೇಲೆ ನಿಂತಿರುತ್ತದೆ.