ಬ್ರಿಸ್ಕೆಟ್‌ಗೆ ಎಷ್ಟು ದೊಡ್ಡ ಸ್ಮೋಕರ್ ಬೇಕು?

ಈ ಸಲದ ಪ್ರಶ್ನೆ ಟೆಕ್ಸಸ್‌ನಿಂದ ಬಂದಿದೆ. ಮಗಳ ಗ್ರಾಜುಯೇಷನ್‌ಗೆ 25 ಜನರಿಗೆ ಊಟ ಹಾಕಬೇಕು, ಮನೆಯಲ್ಲೇ ಬ್ರಿಸ್ಕೆಟ್ ಮಾಡೋಣ ಅಂತಿದ್ದಾರೆ. 18 ಇಂಚಿನ ಸ್ಮೋಕರ್ ಸಾಕಾ, 22 ಇಂಚಿನದು ಬೇಕಾ? ಕೇಳೋಕೆ ಇದು ಅಂಗಡಿಯ ಪ್ರಶ್ನೆ, ಉತ್ತರ ಇರೋದು ಮಾತ್ರ ಭೌತಶಾಸ್ತ್ರದಲ್ಲಿ. ಲೆಕ್ಕ ತಪ್ಪಿದರೆ ಹದಿನಾಲ್ಕು ಗಂಟೆ ಬೆಂಕಿ ಕಾದಮೇಲೂ ನೆಂಟರು ತಟ್ಟೆ ಹಿಡಿದು ಕಾಯಬೇಕಾಗುತ್ತೆ.

ಬ್ರಿಸ್ಕೆಟ್ ಅಂದರೆ ದನದ ಎದೆಭಾಗ. ಇಡೀ ತುಂಡು ಸಾಮಾನ್ಯವಾಗಿ ಐದೂವರೆಯಿಂದ ಏಳು ಕೆಜಿ ತೂಗುತ್ತದೆ. ಬದುಕಿಡೀ ಮೈಭಾರ ಹೊತ್ತ ಸ್ನಾಯು ಅದು, ಕೊಲಾಜೆನ್ ಹೆಚ್ಚು. ಆ ಕೊಲಾಜೆನ್ ಕರಗಿ ಜೆಲಾಟಿನ್ ಆದರೇನೇ ಮಾಂಸ ಮೆತ್ತಗಾಗೋದು. ಅದಕ್ಕೆ ಸ್ಮೋಕರ್ ಒಳಗೆ 110ರಿಂದ 120 ಡಿಗ್ರಿ ಸೆಲ್ಸಿಯಸ್ ಬಿಸಿ ಇಟ್ಟು, ಮಾಂಸದ ಒಳಗು 90 ಡಿಗ್ರಿ ದಾಟುವವರೆಗೆ ತಾಳ್ಮೆಯಿಂದ ಕಾಯಬೇಕು. ಕೊಬ್ಬು ಕತ್ತರಿಸಿ, ನೀರು ಆರಿ, ಕೊನೆಗೆ ಉಳಿಯೋದು ಹೆಚ್ಚುಕಡಿಮೆ ಅರ್ಧ ತೂಕ. ತಲೆಗೆ ಕಾಲು ಕೆಜಿಗಿಂತ ಸ್ವಲ್ಪ ಕಮ್ಮಿ ಅಂದರೂ ಒಂದು ತುಂಡು ಹದಿಮೂರು-ಹದಿನಾಲ್ಕು ಜನಕ್ಕೆ. ಹಾಗಾಗಿ ಇವರಿಗೆ ಎರಡು ಬೇಕು.

ಈಗ ಡಬ್ಬದ ಮೇಲಿನ ಅಂಕಿ ನೋಡಿ. ವೆಬರ್ ಸ್ಮೋಕಿ ಮೌಂಟನ್‌ನ 18 ಇಂಚಿನ ಮಾದರಿಗೆ 481 ಚದರ ಇಂಚು ಜಾಗ ಅಂತಿರುತ್ತೆ. ಬಹಳ ದೊಡ್ಡದು ಅನ್ನಿಸುತ್ತೆ, ಅಲ್ವಾ? ಅದು ಮೇಲೆ-ಕೆಳಗಿನ ಎರಡು ಜಾಲರಿ ಸೇರಿಸಿದ ಮೊತ್ತ. ಮೇಲಿನ ಜಾಲರಿಯ ವ್ಯಾಸ ಹದಿನೇಳೂವರೆ ಇಂಚು. ಬ್ರಿಸ್ಕೆಟ್ 18ರಿಂದ 20 ಇಂಚು ಉದ್ದ. ಚದರ ಇಂಚಿನ ಲೆಕ್ಕದಲ್ಲಿ ಹಿಡಿಸುತ್ತೆ, ಜಾಲರಿಯ ಮೇಲೆ ಹಿಡಿಸಲ್ಲ! ಕೆಲವರು ಅಡಿಯಲ್ಲಿ ಮರದ ತುಂಡಿಟ್ಟು ಮಾಂಸವನ್ನು ಕಮಾನಿನಂತೆ ಬಾಗಿಸುತ್ತಾರೆ, ಬೇಯುತ್ತಾ ಅದು ಕುಗ್ಗುತ್ತೆ. ನಡೆಯುತ್ತೆ. ಆದರೆ ಇಂಥ ಸ್ಮೋಕರ್‌ನಲ್ಲಿ ಕೆಂಡದ ಮೇಲೆ ನೀರಿನ ಬಟ್ಟಲಿರುವುದರಿಂದ ಬಿಸಿಗಾಳಿ ಗೋಡೆಯಂಚಿನಿಂದಲೇ ಮೇಲೇರುತ್ತದೆ. ಗೋಡೆಗೆ ತಾಗಿದ ತುದಿ ಸೀದುಹೋಗುತ್ತದೆ.

ಎರಡನ್ನೂ ಒತ್ತೊತ್ತಾಗಿ ಇಟ್ಟರೆ ಇನ್ನೊಂದು ಕಷ್ಟ. ಶಾಖ ಮಾಂಸದೊಳಗೆ ನಿಧಾನಕ್ಕೆ ಇಳಿಯುತ್ತೆ. ಬೇಕಾಗುವ ಸಮಯ ದಪ್ಪದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತೆ. ಅಂದರೆ ದಪ್ಪ ಎರಡರಷ್ಟಾದರೆ ಹೊತ್ತು ನಾಲ್ಕರಷ್ಟು. ಮಧ್ಯೆ ಗಾಳಿಯಾಡಲು ಜಾಗ ಇದ್ದರೆ ಎರಡು ಬ್ರಿಸ್ಕೆಟ್‌ಗೂ ಹತ್ತಿರಹತ್ತಿರ ಒಂದರಷ್ಟೇ ಸಮಯ. ಅಂಟಿಕೊಂಡರೆ ಆ ಜಾಗದಲ್ಲಿ ಅವು ಒಂದೇ ದಪ್ಪ ಮುದ್ದೆ. ನನ್ನ ಪ್ರಕಾರ ದೊಡ್ಡ ಸ್ಮೋಕರ್‌ಗೆ ಕೊಡುವ ದುಡ್ಡು ಮಾಂಸದ ಜಾಗಕ್ಕಲ್ಲ, ಈ ಖಾಲಿ ಜಾಗಕ್ಕೆ.

ಹೊತ್ತಾಗ್ತಿದೆ ಅಂತ ಬೆಂಕಿ ಏರಿಸಬಹುದಲ್ಲ ಅನ್ನಬೇಡಿ. ಮಾಂಸ 65-70 ಡಿಗ್ರಿ ಮುಟ್ಟಿದಾಗ ತಾಪ ಗಂಟೆಗಟ್ಟಲೆ ಅಲ್ಲೇ ನಿಂತುಬಿಡುತ್ತೆ. ಮೇಲ್ಮೈಯ ನೀರು ಆವಿಯಾಗುತ್ತಾ ಬಂದ ಶಾಖವನ್ನೆಲ್ಲ ಒಯ್ಯುತ್ತೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವ ಕಾರಣವೇ ಇಲ್ಲೂ. ಅಮೆರಿಕದ ಭೌತವಿಜ್ಞಾನಿ ಗ್ರೆಗ್ ಬ್ಲಾಂಡರ್ ಮಾಂಸದ ಬದಲು ಒದ್ದೆ ಸ್ಪಂಜ್ ಇಟ್ಟು ಈ ನಿಲುಗಡೆಯನ್ನು ತೋರಿಸಿದರು. ಅವಸರ ಇದ್ದರೆ ಈ ಹಂತದಲ್ಲಿ ಕಾಗದದಲ್ಲೋ ಫಾಯಿಲ್‌ನಲ್ಲೋ ಸುತ್ತಿ. ಆವಿಗೆ ತಡೆ ಬೀಳುತ್ತೆ.

ಹಾಗಾದರೆ ಅತಿ ದೊಡ್ಡದನ್ನೇ ತಂದರೆ? ಆಸ್ಟಿನ್‌ನ ಫ್ರಾಂಕ್ಲಿನ್ ಬಾರ್ಬೆಕ್ಯೂದಂಥ ಕಡೆ 1000 ಗ್ಯಾಲನ್‌ನ ಪ್ರೊಪೇನ್ ಟ್ಯಾಂಕ್‌ಗಳೇ ಸ್ಮೋಕರ್. ಮನೆಗೆ ಅಂಥದ್ದು ಬೇಡ. ಶಾಖ ಸೋರುವುದು ಗೋಡೆಗಳಿಂದ. ಗೋಡೆ ಜಾಸ್ತಿಯಾದಷ್ಟೂ ಸೌದೆ ಜಾಸ್ತಿ. ಚಳಿಯ ಊರಿನವರು ಇನ್ನೊಂದು ಲೆಕ್ಕ ಸೇರಿಸಿ: ಹೊರಗೆ 30 ಡಿಗ್ರಿ ಇದ್ದಾಗ ಒಳಗಿನ 110ಕ್ಕೂ ಅದಕ್ಕೂ ಅಂತರ 80, ಮೈನಸ್ 10 ಇದ್ದರೆ 120. ಸೋರಿಕೆ ಸುಮಾರು ಒಂದೂವರೆ ಪಟ್ಟು. ಸೌದೆ ಉಳಿಸೋಣ ಅಂತ ಗಾಳಿಕಿಂಡಿ ಮುಚ್ಚಿದರೆ ಬೆಂಕಿ ಉಸಿರುಗಟ್ಟಿ ದಟ್ಟ ಬಿಳಿ ಹೊಗೆ ಬರುತ್ತೆ. ಊದುಗೊಳವೆ ಹಿಡಿದು ಹಸಿಸೌದೆಯ ಒಲೆ ಊದಿದವರಿಗೆ ಆ ಹೊಗೆ ಗೊತ್ತು. ಅದರ ಕಹಿ ಮಾಂಸಕ್ಕೆ ಹತ್ತಿದರೆ ಹೋಗಲ್ಲ. ಬೇಕಾದ್ದು ಕಂಡೂ ಕಾಣದಂಥ ತೆಳು ನೀಲಿ ಹೊಗೆ. ಅದಕ್ಕೆ ಬೆಂಕಿ ಚೆನ್ನಾಗಿ ಉಸಿರಾಡಬೇಕು.

ಹಾಗಾಗಿ 25 ಜನಕ್ಕೆ ನನ್ನ ಉತ್ತರ 22 ಇಂಚಿನದು, ಜಾಲರಿಗೊಂದು ಬ್ರಿಸ್ಕೆಟ್. ವರ್ಷವಿಡೀ ಮನೆಮಂದಿಗೆ ಮಾತ್ರ ಮಾಡೋದಾದರೆ, ಅದೂ ಅಂಗೈಯಗಲದ ಹಂದಿಯ ಭುಜದ ತುಂಡೋ ಕೋಳಿಯೋ ಆದರೆ, 18 ಇಂಚು ಸಾಕು, ಇದ್ದಿಲೂ ಉಳಿಯುತ್ತೆ. ಕೊಳ್ಳುವ ಮೊದಲು ರಟ್ಟಿನಲ್ಲಿ 20 ಇಂಚು ಉದ್ದದ ಬ್ರಿಸ್ಕೆಟ್ ಆಕಾರ ಕತ್ತರಿಸಿ ಅಂಗಡಿಗೆ ಒಯ್ಯಿರಿ. ಜಾಲರಿಯ ಮೇಲಿಟ್ಟಾಗ ಸುತ್ತಲೂ ಒಂದಿಂಚು ಖಾಲಿ ಉಳಿಯುತ್ತಾ ನೋಡಿ. ಅಂಗಡಿಯವರು ನಗಬಹುದು, ನಗಲಿ ಬಿಡಿ.