ಸಭಾಕಂಪ ಮತ್ತು ಗಡಿನಾಡಿನ ಕನ್ನಡಿಗ

ಅಧ್ಯಾಪಕ ವೃತ್ತಿಯ ದೀರ್ಘಾವಧಿಯಲ್ಲಿ ನಾನು ಕಂಡ ಬುದ್ಧಿವಂತ ಮಕ್ಕಳಲ್ಲಿ ಹಲವರು ಸಭೆಯ ಮುಂದೆ ಮೂಕರಾಗುತ್ತಿದ್ದರು. ಅವರನ್ನು ತಡೆಯುತ್ತಿದ್ದುದು ಸಭಾಕಂಪ. ಅನೇಕ ಕಣ್ಣುಗಳು ತನ್ನ ಮೇಲೆ ನೆಟ್ಟಾಗ ಶರೀರವು ಅದನ್ನು ಅಪಾಯವೆಂದೇ ಬಗೆಯುತ್ತದೆ. ಅಡ್ರಿನಲಿನ್ ಸ್ರವಿಸುತ್ತದೆ, ಎದೆಬಡಿತ ಏರುತ್ತದೆ, ಬಾಯಿ ಒಣಗುತ್ತದೆ. ನುರಿತ ವಾಗ್ಮಿಗಳಿಗೂ ಇದು ತಪ್ಪಿದ್ದಲ್ಲ. ಆದುದರಿಂದ ಭಯ ತೊಲಗಿದ ಮೇಲೆ ಮಾತನಾಡುವೆನೆಂದು ಕಾಯುವುದು ವ್ಯರ್ಥ. ಮಾತನಾಡುತ್ತಾ ಹೋದಂತೆ ಭಯವು ತಗ್ಗುತ್ತದೆ.

ನಮ್ಮ ಕಾಸರಗೋಡಿನ ತಾಳಮದ್ದಳೆಯೇ ಇದಕ್ಕೆ ನಿದರ್ಶನ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದುಕೊಟ್ಟ ಸಂಭಾಷಣೆಯೂ ಇಲ್ಲ. ಭಾಗವತರು ಹಾಡಿದ ಪದ್ಯಕ್ಕೆ ಅರ್ಥಧಾರಿಯು ಸ್ಥಳದಲ್ಲಿಯೇ ಮಾತು ಕಟ್ಟಬೇಕು. ಹೊಸಬನಿಗೆ ಮೊದಲು ದೂತನ ನಾಲ್ಕು ಮಾತು. ಕೃಷ್ಣ, ಕೌರವರ ಅರ್ಥ ಆಮೇಲೆ. ಧೈರ್ಯವು ಬೆಳೆಯುವ ಕ್ರಮವೂ ಇದೇ.

ಗಡಿನಾಡಿನವರಾದ ನಮಗೆ ಈ ಧೈರ್ಯದ ಅಗತ್ಯ ಇನ್ನೂ ಹೆಚ್ಚು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನಿತ್ತಿದೆ. ಆದರೆ ಕಚೇರಿಯ ಮೇಜಿನ ಮುಂದೆ ನಾಲಗೆ ಹಿಂಜರಿದರೆ ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆ.

ಹಳೆವಿದ್ಯಾರ್ಥಿ ಬಂಧುಗಳೇ, ಮುಂದಿನ ಗ್ರಾಮಸಭೆಗೆ ಒಂದು ಪ್ರಶ್ನೆಯನ್ನು ಬರೆದುಕೊಂಡು ಹೋಗಿರಿ. ಮನೆಯಲ್ಲಿ ಎರಡು ಬಾರಿ ಗಟ್ಟಿಯಾಗಿ ಓದಿರಿ. ಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಕೇಳಿರಿ. ಸ್ವರ ನಡುಗಿದರೂ ಚಿಂತೆಯಿಲ್ಲ, ಪ್ರಶ್ನೆಯು ಎಲ್ಲರ ಕಿವಿಗೂ ಬಿದ್ದಿರುತ್ತದೆ.